ಬೆವರದ ಕುದುರೆ

"ಹೊರಡಬೇಡಿ! ಒಂದೇ ಒಂದು ಹೆಜ್ಜೆ ಕೂಡ ಇಡಿಸಬೇಡಿ!"

ಸಾರೋಟು ಹೊಡೆಯುವ ಒಡಾಲಿಸ್ ತಲೆಯೆತ್ತಿ ನೋಡುವಷ್ಟರಲ್ಲಿ ಆ ಗಂಡಸು ಸಾರೋಟಿನ ಮುಂದೆ ಬಂದು ನಿಂತಾಗಿತ್ತು. ನಿಂತವನು ಸುಮ್ಮನಿರಲಿಲ್ಲ. ಸೀದಾ ಕುದುರೆಯ ಲಗಾಮಿಗೇ ಕೈ ಹಾಕಿದ!

ಸೆಪ್ಟೆಂಬರ್ ತಿಂಗಳು. ಸಂಜೆ ನಾಲ್ಕೂವರೆಯಾದರೂ ಕಡಲ ದಂಡೆಯ ಕಾರ್ತಹೇನಾ ಊರಿನ ಗಡಿಯಾರದ ಗೋಪುರದ ಮುಂದಿನ ಕಲ್ಲುಗಳು ಕಾದ ಹೆಂಚಿನ ಹಾಗಿದ್ದವು. ಸಮುದ್ರದ ಗಾಳಿ ನಿಂತು ನಾಲ್ಕು ದಿನವಾಗಿತ್ತು. ಸಾರೋಟಿನಲ್ಲಿ ಕೂತಿದ್ದ ಹೊಸ ಮದುವೆಯ ಜೋಡಿ ಬೀಸಣಿಗೆ ನಿಲ್ಲಿಸಿ ಬೆರಗಾಗಿ ನೋಡಿತು.

"ಏಯ್! ಕೈ ತೆಗೀರಿ ನನ್ನ ಕುದುರೆ ಮೇಲಿಂದ!" ಒಡಾಲಿಸ್ ಕೂಗಿದಳು.

ಅವನು ತೆಗೆಯಲಿಲ್ಲ. ಎದೆಪಟ್ಟಿಯ ಅಡಿಗೆ ಅಂಗೈ ತೂರಿಸಿದ. ಹೊರಗೆ ತೆಗೆದು ನೋಡಿಕೊಂಡ. ಆಮೇಲೆ ಕುದುರೆಯ ತುಟಿ ಎತ್ತಿ ಒಸಡು ನೋಡಿದ. ಅವನ ಮುಖ ಬಿಳುಚಿಕೊಂಡಿತು.

"ಎಷ್ಟು ದಿನದಿಂದ ಇದು ಬೆವರ್ತಿಲ್ಲ?"

"ಬೆವರೋದಾ?" ಒಡಾಲಿಸ್ ನಕ್ಕುಬಿಟ್ಟಳು. ಸುತ್ತ ಜನ ಸೇರಿದ್ದರು, ಅವರಿಗೂ ಕೇಳಲಿ ಅಂತಲೇ ದನಿಯೇರಿಸಿದಳು. "ನನ್ನ ಕನೇಲೊ ಬೆವರೋದೇ ಇಲ್ಲ ಸ್ವಾಮಿ! ಬೇರೆಯವರ ಕುದುರೆ ನೊರೆ ಸುರಿಸ್ತಾವೆ. ಇದು ನಮ್ಮಪ್ಪ ಪಳಗಿಸಿದ್ದು. ಗಟ್ಟಿ ಕುದುರೆ!"

"ಗಟ್ಟಿ ಅಲ್ಲಮ್ಮಾ... ಒಳಗೊಳಗೇ ಬೇಯ್ತಿದೆ ಇದು."

"ನೀವ್ಯಾರ್ರೀ ಹೇಳೋಕೆ?"

"ಪ್ರಾಣಿಗಳ ಡಾಕ್ಟರು. ಇನ್ನು ಹತ್ತೇ ನಿಮಿಷ, ಬಿದ್ದು..."

ಮಾತು ಮುಗಿಯಲಿಲ್ಲ. ಕನೇಲೊನ ಮುಂಗಾಲುಗಳು ಮಡಚಿಕೊಂಡವು. ದಾಲ್ಚಿನ್ನಿ ಚಕ್ಕೆ ಬಣ್ಣದ ಆ ದೊಡ್ಡ ದೇಹ ಕಲ್ಲಿನ ಮೇಲೆ ಮಂಡಿಯೂರಿತು, ಸಾರೋಟು ಮುಂದಕ್ಕೆ ವಾಲಿತು, ಮದುಮಗಳು ಕಿಟಾರನೆ ಕಿರುಚಿದಳು.

ಒಡಾಲಿಸ್ ಹೇಗೆ ಕೆಳಗೆ ಹಾರಿದಳೋ ಅವಳಿಗೇ ಗೊತ್ತಿಲ್ಲ. "ಕನೇಲೊ! ಏಳೋ... ಏಳೋ ನನ್ನಪ್ಪಾ!"

ಡಾಕ್ಟರು ಜೇಬಿನಿಂದ ಚಾಕು ತೆಗೆದು ಸಾರೋಟಿನ ಪಟ್ಟಿಗಳನ್ನು ಕರಕರ ಕೊಯ್ಯತೊಡಗಿದ. ಅವಳ ಅಪ್ಪ ನಲವತ್ತು ವರ್ಷ ಎಣ್ಣೆ ಹಚ್ಚಿ ಕಾಪಾಡಿದ ಚರ್ಮದ ಪಟ್ಟಿಗಳು!

"ನೀರು! ಯಾರಾದ್ರೂ ನೀರು ತನ್ನಿ! ಐಸು ಇದ್ರೆ ಐಸು!"

ನಿಂಬೆ ಪಾನಕದವನು ತನ್ನ ಡಬ್ಬಿಯನ್ನೇ ತಂದು ಸುರಿದ. ಇನ್ನೊಬ್ಬಳು ಬಕೆಟ್ ತಂದಳು. ಹತ್ತು ಬಕೆಟ್... ಇಪ್ಪತ್ತು... ಮೂವತ್ತು. ಒಡಾಲಿಸ್ ಅಳುತ್ತಾ ಸುರಿಯುತ್ತಿದ್ದಳು. ಸುತ್ತ ನಿಂತವರ ಕೈಯಲ್ಲಿ ಫೋನುಗಳು ಎದ್ದು ನಿಂತಿದ್ದವು.

ಮುಕ್ಕಾಲು ಗಂಟೆಯ ಮೇಲೆ ಕನೇಲೊ ನಡುಗುತ್ತಾ ಎದ್ದು ನಿಂತಿತು.

ಅವಳು ಅದರ ಕತ್ತು ತಬ್ಬಿಕೊಂಡು ಆ ಡಾಕ್ಟರನ್ನು ನೋಡಿದಳು. ಕೃತಜ್ಞತೆಯಲ್ಲ, ಅವಳ ಕಣ್ಣಲ್ಲಿದ್ದದ್ದು ಬೆಂಕಿ. ಇಷ್ಟು ಜನರ ಮುಂದೆ ಇವನು ತನ್ನನ್ನು ಕುದುರೆ ಕೊಲ್ಲುವವಳನ್ನಾಗಿ ಮಾಡಿಬಿಟ್ಟನಲ್ಲ!

ಮಾರನೇ ದಿನ ಬೆಳಗಿನ ಹೊತ್ತಿಗೆ ಆ ವಿಡಿಯೋ ಊರಿನ ಎಲ್ಲ ಫೋನುಗಳಲ್ಲಿತ್ತು. 'ನನ್ನ ಕನೇಲೊ ಬೆವರೋದೇ ಇಲ್ಲ ಸ್ವಾಮಿ!' ಅಂತ ಅವಳು ನಗುವುದು... ಮರುಕ್ಷಣವೇ ಕುದುರೆ ಬೀಳುವುದು. ಕೆಳಗೆ ಸಾವಿರಾರು ಬೈಗುಳ. ಒಬ್ಬ ಬರೆದಿದ್ದ: 'ಇವಳನ್ನೇ ಕಟ್ಟಿ ಎಳೆಸಬೇಕು.'

ಸಾರೋಟಿನವರ ಸಂಘದವರು ಮಧ್ಯಾಹ್ನವೇ ಹೇಳಿ ಕಳಿಸಿದರು. ಇನ್ನು ಸಾಲಿನಲ್ಲಿ ನಿಲ್ಲುವಂತಿಲ್ಲ. "ಮೊದಲೇ ನಗರಸಭೆಯವರು ಬ್ಯಾಟರಿ ಸಾರೋಟು ತರ್ತೀವಿ ಅಂತಿದ್ದಾರೆ. ನಿನ್ನಿಂದ ನಮ್ಮೆಲ್ಲರ ಅನ್ನಕ್ಕೂ ಕಲ್ಲು ಬಿತ್ತು" ಅಂದರಂತೆ.

ಕೋಟೆ ಗೋಡೆಯ ಆಚೆ, ತೋರಿಸೆಸ್ ಬಡಾವಣೆಯಲ್ಲಿ ಅವರ ಮನೆ. ಹಿತ್ತಲಲ್ಲಿ ಮಾವಿನ ಮರ, ಮರದ ನೆರಳಲ್ಲಿ ಕನೇಲೊ. ಅಪ್ಪ ತೋಬಿಯಾಸ್ ಹಗ್ಗದ ಕುರ್ಚಿಯಲ್ಲಿ ಕೂತಿದ್ದ. ಮಂಡಿ ಸೋತ ಮೇಲೆ ಸಾರೋಟಿನ ಪೀಠವನ್ನು ಮಗಳಿಗೆ ಬಿಟ್ಟುಕೊಟ್ಟ ಮುದುಕ. ಅವನು ವಿಡಿಯೋ ನೋಡಲಿಲ್ಲ. ಏನೂ ಕೇಳಲೂ ಇಲ್ಲ.

ಗೇಟಿನಾಚೆ ಮೋಟಾರ್ ಸೈಕಲ್ ನಿಂತ ಸದ್ದು.

ಒಡಾಲಿಸ್ ಹೋಗಿ ನೋಡಿದರೆ... ಅವನೇ! ಕೈಯಲ್ಲಿ ಔಷಧಿ ಚೀಲ ಬೇರೆ.

"ಯಾವ ಮುಖ ಇಟ್ಕೊಂಡು ಬಂದ್ರಿ? ಯಾರ ಕೈಲೋ ವಿಡಿಯೋ ತೆಗೆಸಿ, ಊರಿಗೆಲ್ಲ ಹಂಚಿ, ಹೆಸರು ಮಾಡ್ಕೊಂಡಿದ್ದು ಸಾಲ್ದಾ?"

ಅವನು ಜೇಬಿನಿಂದ ಫೋನು ತೆಗೆದು ಗೇಟಿನ ಮೇಲಿಟ್ಟ. ಗುಂಡಿ ಒತ್ತುವ ಹಳೇ ಫೋನು! ಒಂದು ಗುಂಡಿ ಬಿದ್ದುಹೋಗಿ ಅಲ್ಲಿ ಬಿಳಿ ಪಟ್ಟಿ ಅಂಟಿಸಿತ್ತು.

"ವಿಡಿಯೋ ಹಾಕೋದಿರ್ಲಿ, ನೋಡೋಕೂ ಆಗಲ್ಲ ಇದ್ರಲ್ಲಿ. ನಾನಿನ್ನೂ ನೋಡೇ ಇಲ್ಲ... ತುಂಬಾ ಕೆಟ್ಟದಾಗಿದೆಯಾ?"

ಎದುರು ಮನೆಯ ಜಗಲಿಯಲ್ಲಿ ಮೊಟ್ಟೆ ತುಂಬಿದ ಮೆಕ್ಕೆಜೋಳದ ರೊಟ್ಟಿ, ಅರೆಪಾ ಕರಿಯುತ್ತಿದ್ದ ದಿಗ್ನಾ ಗಹಗಹಿಸಿ ನಕ್ಕಳು. "ಒಳಗೆ ಬಿಡೇ ಅವನ್ನ! ಆ ಫೋನಿಟ್ಕೊಂಡಿರೋನು ಯಾರಿಗೂ ಮೋಸ ಮಾಡೋಕಾಗಲ್ಲ!"

ಒಡಾಲಿಸ್ ನಗಲಿಲ್ಲ. ಆದರೆ ಗೇಟು ತೆಗೆದಳು. ಕನೇಲೊನ ಉಸಿರು ಅವಳಿಗೂ ಕೇಳಿಸುತ್ತಿತ್ತಲ್ಲ... ಓಡದೆಯೇ ಓಡುತ್ತಿರುವ ಉಸಿರು!

ಅವನ ಹೆಸರು ಎಲಿಯೆಸೆರ್. ಕುದುರೆಯ ಪಕ್ಕೆಯ ಮೇಲೆ ಅವಳ ಅಂಗೈ ಇಡಿಸಿ ಹೇಳಿದ, "ಎಣಿಸಿ. ಒಂದು ನಿಮಿಷಕ್ಕೆ ಹದಿನೈದು ಇದ್ರೆ ಸರಿ."

ಅವಳು ಎಣಿಸಿದಳು. "ಅರವತ್ತನಾಲ್ಕು..." ಅಂದಳು ಮೆಲ್ಲಗೆ.

"ಈ ಧಗೆಯಲ್ಲಿ ದುಡಿದೂ ದುಡಿದೂ ಕೆಲವು ಕುದುರೆಗಳಿಗೆ ಬೆವರೋದೇ ನಿಂತುಹೋಗುತ್ತೆ. ಆಗ ಒಳಗಿನ ಬಿಸಿ ಹೊರಗೆ ಬರೋಕೆ ದಾರಿನೇ ಇರಲ್ಲ."

"ಆದ್ರೆ ಅಪ್ಪ ಹೇಳ್ತಿದ್ರು... ಬೆವರದ ಕುದುರೆ ಗಟ್ಟಿ ಅಂತ."

ಹಗ್ಗದ ಕುರ್ಚಿ ಕಿರ್ರ್ ಎಂದಿತು. ತೋಬಿಯಾಸ್ ಮುಖ ತಿರುಗಿಸಿ ಬೀದಿ ನೋಡತೊಡಗಿದ.

ಎಂಟು ದಿನ ಎಲಿಯೆಸೆರ್ ಬಂದ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಗಂಟೆಗೊಮ್ಮೆ ನೀರು ಹೊಯ್ಯುವುದು, ಉಪ್ಪು ಬೆರೆಸಿ ಕುಡಿಸುವುದು, ಉಸಿರು ಎಣಿಸುವುದು. ಅವನು ಮಾತು ಕಡಿಮೆ. ಅದಕ್ಕೋ ಏನೋ ಅವಳೇ ಮಾತಾಡುತ್ತಿದ್ದಳು. ಕೋಟೆಯ ಕಥೆ, ಪಲೆಂಕೆ ಹಳ್ಳಿಯ ತನ್ನ ಅಜ್ಜಿಯ ಕಥೆ, ಬಾಲ್ಕನಿಗಳ ಕಥೆ. ಪ್ರವಾಸಿಗರಿಗೆ ಹೇಳದೆ ಉಳಿದ ಕಥೆಗಳೆಲ್ಲ ಅವನಿಗೇ.

ಐದನೇ ದಿನ ಅವನು ಹತ್ತು ನಿಮಿಷ ತಡವಾಗಿ ಬಂದ. ಆ ಹತ್ತು ನಿಮಿಷದಲ್ಲಿ ಒಡಾಲಿಸ್ ನಾಲ್ಕು ಸಲ ಗೇಟಿಗೆ ಹೋಗಿದ್ದಳು.

"ಕುದುರೆಗೋಸ್ಕರನಾ?" ಎದುರಿನಿಂದ ದಿಗ್ನಾ ಕಣ್ಣು ಮಿಟುಕಿಸಿದಳು.

"ಮತ್ತಿನ್ಯಾರಿಗೆ!" ಅಂದಳು ಒಡಾಲಿಸ್. ಕಿವಿ ಮಾತ್ರ ಕೆಂಪಾಗಿದ್ದವು.

ಛೇ... ನನಗೇನಾಗಿದೆ? ನನ್ನ ಅನ್ನ ಕಿತ್ತುಕೊಂಡವನು ಇವನೇ ಅಲ್ಲವಾ?

ಆದರೆ ಉಸಿರು ಇಳಿಯಲಿಲ್ಲ. ಐವತ್ತೆಂಟು. ಅರವತ್ತು. ಮತ್ತೆ ಅರವತ್ತೆರಡು.

ಒಂಬತ್ತನೇ ದಿನ ಅವಳು ಸಂಘದವರ ಕಾಲಿಗೆ ಬಿದ್ದಾದರೂ ಸರಿ, ತನ್ನ ಜಾಗ ಕೇಳಿ ಬರೋಣ ಅಂತ ಹೋದಳು. ಅವರು ಮಧ್ಯಾಹ್ನದವರೆಗೆ ಕಾಯಿಸಿ, ಆಗಲ್ಲ ಅಂದರು. ಸೋತು ಮನೆಗೆ ಬಂದರೆ...

ಮಾವಿನ ಮರದ ಕೆಳಗೆ ಯಾರೂ ಇರಲಿಲ್ಲ.

ನೀರಿನ ತೊಟ್ಟಿ ತುಂಬಿತ್ತು. ನೆಲದಲ್ಲಿ ಗೊರಸಿನ ಗುರುತು, ಅದರ ಪಕ್ಕ ದೊಡ್ಡ ಗಾಡಿಯ ಚಕ್ರದ ಗುರುತು.

"ಅಪ್ಪಾ! ಕನೇಲೊ ಎಲ್ಲಿ?"

"ಡಾಕ್ಟ್ರು ಕರ್ಕೊಂಡು ಹೋದ್ರು."

"ಎಲ್ಲಿಗೆ? ಯಾಕೆ?"

ಅಪ್ಪನ ಕೆನ್ನೆ ಒದ್ದೆಯಾಗಿದ್ದನ್ನು ಅವಳು ನೋಡಿದಳು. ಅಷ್ಟು ಸಾಕಾಯಿತು. ಓಡಿದಳು!

ಎಲಿಯೆಸೆರನ ಚಿಕಿತ್ಸಾಲಯ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿತ್ತು. ಅವನು ಆಗಷ್ಟೇ ಕೈ ತೊಳೆಯುತ್ತಿದ್ದ. ಅಂಗಿಯ ತೋಳಿಗೆ ಚಕ್ಕೆ ಬಣ್ಣದ ಕೂದಲು ಅಂಟಿತ್ತು.

"ನನ್ನ ಕುದುರೆ ಎಲ್ಲಿ?"

ಅವನು ತಿರುಗಿದ. ಅವಳನ್ನು ನೋಡಿದ.

"ಕೇಳ್ತಿದ್ದೀನಿ! ಬದುಕಿದೆಯಾ?"

"ಒಡಾಲಿಸ್... ಅದನ್ನ ನಾನು ಹೇಳೋ ಹಾಗಿಲ್ಲ."

"ಹೇಳೋ ಹಾಗಿಲ್ವಾ? ಅದು ನನ್ನ ಕುದುರೆ ಕಣ್ರೀ! ನಾನಿಲ್ಲದ ಹೊತ್ತು ನೋಡಿ ಬಂದ್ರಿ. ಸೂಜಿ ಚುಚ್ಚಿ ಮಲಗಿಸಿಬಿಟ್ರಾ? ಹೌದು ಅಥವಾ ಇಲ್ಲ, ಒಂದು ಮಾತು ಹೇಳಿ!"

ಅವನು ತಲೆ ತಗ್ಗಿಸಿದ. ನಲ್ಲಿಯಿಂದ ನೀರು ಸುರಿಯುತ್ತಲೇ ಇತ್ತು.

"ನಿಮ್ಮನ್ನ ನಂಬಿದ್ದೆ... ಗೇಟು ತೆಗೆದೆ. ನನ್ನಜ್ಜಿ ಕಥೆ ಹೇಳ್ದೆ. ಅದರ ಕಿವಿಯಲ್ಲಿ ಒಂದು ಮಾತು ಹೇಳಿ ಕಳಿಸೋಕೂ ಬಿಡಲಿಲ್ಲವಲ್ಲ ನೀವು!"

ಅವನು ಒಂದು ಹೆಜ್ಜೆ ಮುಂದಿಟ್ಟ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

"ಇನ್ನು ನನ್ನ ಕಣ್ಣಿಗೆ ಬೀಳಬೇಡಿ, ಡಾಕ್ಟ್ರೇ."

ಅವಳು ಅತ್ತಳೇ? ಇಲ್ಲ. ಅತ್ತರೆ ಮುಳುಗಿಹೋಗುತ್ತೇನೆ ಅಂತ ಅವಳಿಗೆ ಗೊತ್ತಿತ್ತು. ಅದಕ್ಕೇ ಸಿಟ್ಟನ್ನು ಹಿಡಿದುಕೊಂಡಳು.

ಪೆಟ್ಟಿಗೆಯಲ್ಲಿದ್ದ ಹಳೇ ಗೈಡ್ ಕಾರ್ಡು ತೆಗೆದು ಕತ್ತಿಗೆ ಹಾಕಿಕೊಂಡಳು. ಕುದುರೆ ಇಲ್ಲ, ಸರಿ. ಕಾಲಿದೆ. ಬಾಯಿದೆ! ಗೋಪುರದ ಬಾಗಿಲಲ್ಲಿ ನಿಂತು ಕೂಗಿದಳು, "ನಡೆದು ನೋಡೋರು ಬನ್ನಿ! ಸಾರೋಟಿನಿಂದ ಕಾಣದ್ದನ್ನ ತೋರಿಸ್ತೀನಿ!"

ಮೊದಲ ದಿನ ಇಬ್ಬರು ಬಂದರು. ವಾರದ ಕೊನೆಗೆ ಒಂಬತ್ತು ಜನ. ವಿಡಿಯೋ ನೋಡಿದ್ದ ಕೆಲವರು ಅವಳನ್ನು ಗುರುತು ಹಿಡಿದು ಗುಸುಗುಸು ಮಾತಾಡಿದರು. ಅವಳು ತಲೆ ತಗ್ಗಿಸಲಿಲ್ಲ. ಅವರಿಗೂ ಒಂದು ಕಥೆ ಕಟ್ಟಿದಳು.

ಈ ಚೌಕದಲ್ಲಿ ಹಡಗಿನಿಂದ ಇಳಿಸಿದ ಮನುಷ್ಯರನ್ನು ಗುಲಾಮರಾಗಿ ಮಾರುತ್ತಿದ್ದರು ಅಂತ ಹೇಳಿ, ಒಂದು ನಿಮಿಷ ಎಲ್ಲರನ್ನೂ ಮೌನವಾಗಿ ನಿಲ್ಲಿಸಿ, ಆಮೇಲೆ ಕೆಲವು ಹೆಜ್ಜೆ ಆಚೆ ಒಂದು ಕಲ್ಲು ತೋರಿಸುತ್ತಿದ್ದಳು.

"ಇಲ್ಲಿ ನನ್ನ ಕುದುರೆ ಬಿತ್ತು. ಒಬ್ಬ ಡಾಕ್ಟರು ಬಂದು ಉಳಿಸ್ತೀನಿ ಅಂದ. ಎಂಟು ದಿನ ನಮ್ಮನೆಗೆ ಬಂದ. ಒಂಬತ್ತನೇ ದಿನ ನಾನಿಲ್ಲದ ಹೊತ್ತಲ್ಲಿ ಅದನ್ನ ಒಯ್ದು ಮುಗಿಸಿದ."

ಕೇಳಿದವರು ನಿಟ್ಟುಸಿರು ಬಿಡುತ್ತಿದ್ದರು. ಅದು ಅವಳಿಗೆ ಔಷಧಿಯ ಹಾಗಿತ್ತು.

ಐದು ವಾರ ಕಳೆದವು. ಅಕ್ಟೋಬರ್ ಕೊನೆಯ ಒಂದು ಸೋಮವಾರ. ಅದೇ ಕಲ್ಲು, ಅದೇ ಕಥೆ. ರಾಜಧಾನಿ ಬೊಗೊತಾದಿಂದ ಬಂದಿದ್ದ ಒಬ್ಬ ಹೆಂಗಸು ಕೇಳಿದಳು, "ಆ ಡಾಕ್ಟರಿಗೆ ಏನಾಯ್ತು?"

"ಏನಾಗುತ್ತೆ? ಇದೇ ಊರಲ್ಲಿ ಆರಾಮಾಗಿ ಓಡಾಡ್ಕೊಂಡಿದ್ದಾನೆ..."

ಮಾತು ಅಲ್ಲೇ ನಿಂತಿತು.

ಗುಂಪಿನ ಹಿಂದೆ ಅವನು ನಿಂತಿದ್ದ! ಬಿಸಿಲಿಗೆ ಕಪ್ಪಾಗಿದ್ದ, ಸೊರಗಿದ್ದ. ಬೂಟಿನ ತುಂಬ ಕೆಂಪು ಮಣ್ಣು, ಈ ಊರಿನದಲ್ಲದ ಮಣ್ಣು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿದ್ದ.

ಒಡಾಲಿಸ್ ಬೆರಳೆತ್ತಿ ತೋರಿಸಿಯೇಬಿಟ್ಟಳು.

"ಅಗೋ. ಅವರೇ. ಬೇಕಾದ್ರೆ ನೀವೇ ಕೇಳಿ!"

ಎಲ್ಲರೂ ತಿರುಗಿದರು. ಬೊಗೊತಾದ ಹೆಂಗಸು ಕಣ್ಣು ಕೆಂಪು ಮಾಡಿಕೊಂಡು ಕೇಳಿದಳು, "ಇವಳು ಹೇಳಿದ್ದು ನಿಜವಾ?"

ಎಲಿಯೆಸೆರ್ ಒಡಾಲಿಸಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳಿಗೆ ತಡೆಯಲಾಗಲಿಲ್ಲ.

"ಅವರ ಕುದುರೆ ಒಯ್ದದ್ದು ನಾನೇ" ಅಂದ. "ಅವರಿಗೆ ಹೇಳದೇನೇ ಒಯ್ದೆ."

ಯಾರೋ ಥೂ ಅಂದರು. ಅವನು ತಿರುಗಿ ನಡೆದುಹೋದ.

ಗೆದ್ದೆ ಅನ್ನಿಸಬೇಕಿತ್ತು. ಆದರೆ ಆ ದಿನ ಉಳಿದ ಬೀದಿಗಳಲ್ಲಿ ತಾನೇನು ಹೇಳಿದಳು ಅಂತ ಅವಳಿಗೆ ನೆನಪೇ ಇಲ್ಲ.

ಮಾರನೇ ದಿನ ಬೆಳಿಗ್ಗೆ ಹನ್ನೊಂದು ಜನ ಪ್ರವಾಸಿಗರು. ಅವಳು ಆ ಕಲ್ಲಿನ ಹತ್ತಿರ ಬಂದು, "ಇಲ್ಲಿ ನನ್ನ ಕುದುರೆ..." ಅನ್ನುವಾಗ ಗೋಪುರದ ಕಮಾನಿನ ಕೆಳಗೆ ಒಂದು ಬೈಕ್ ಟ್ಯಾಕ್ಸಿ ನಿಂತಿತು. ಅದರಿಂದ ಎರಡು ಊರುಗೋಲು ಇಳಿದವು. ಆಮೇಲೆ ಅವಳ ಅಪ್ಪ.

"ಅಪ್ಪಾ? ಏನಾಯ್ತು? ಯಾಕೆ ಬಂದ್ರಿ?"

ತೋಬಿಯಾಸ್ ಒಂದೊಂದೇ ಹೆಜ್ಜೆ ಇಟ್ಟು ಬಂದು ಆ ಜನರ ಮಧ್ಯೆ ನಿಂತ. ಮದುವೆ ಹಬ್ಬಗಳಿಗೆ ಮಾತ್ರ ತೊಡುವ ಬಿಳಿ ಅಂಗಿ ತೊಟ್ಟಿದ್ದ.

"ಆ ಕಥೆ ಸುಳ್ಳು ಕಣೇ ಮಗಳೇ. ಅದನ್ನ ನಾನು ಹೇಳ್ತೀನಿ."

"ಮನೇಲಿ ಮಾತಾಡೋಣ ಅಪ್ಪಾ..."

"ಮನೇಲೇ ಹೇಳ್ಬಹುದಿತ್ತು. ಆದ್ರೆ ನೀನು ಆ ಮನುಷ್ಯನ ಮರ್ಯಾದೆ ತೆಗೆದದ್ದು ಇಲ್ಲಿ. ವಾಪಸ್ ಕೊಡಬೇಕಾದ್ದೂ ಇಲ್ಲೇ."

ಮುದುಕ ಪ್ರವಾಸಿಗರ ಕಡೆ ತಿರುಗಿದ.

"ಬೆವರದ ಕುದುರೆ ಗಟ್ಟಿ ಅಂತ ಇವಳಿಗೆ ಕಲಿಸಿದ್ದು ನಾನು. ತಪ್ಪು ಕಲಿಸಿದೆ. ನಲವತ್ತು ವರ್ಷ ಲಗಾಮು ಹಿಡಿದೋನಿಗೆ ಅಷ್ಟೂ ಗೊತ್ತಿರಲಿಲ್ಲ. ಡಾಕ್ಟ್ರು ಹೇಳಿದ್ರು, ತಂಪಿನ ಬೆಟ್ಟಕ್ಕೆ ಒಯ್ದರೆ ಉಳಿದರೂ ಉಳೀಬಹುದು, ದಾರೀಲೇ ಸತ್ತರೂ ಸಾಯಬಹುದು, ಇವಳನ್ನ ಕೇಳೋಣ ಅಂತ. ನಾನೇ ಬೇಡ ಅಂದೆ. ಮಗಳಿಗೆ ಹೇಳಬೇಡಿ, ಅದು ಮತ್ತೆ ಬೆವರೋವರೆಗೂ ಒಂದು ಮಾತೂ ಆಡಬೇಡಿ ಅಂತ ನನ್ನ ಕೈ ಮೇಲೆ ಅವರ ಕೈ ಇಡಿಸಿ ಭಾಷೆ ತಗೊಂಡೆ."

"ಯಾಕಪ್ಪಾ..." ಅಂದಳು ಒಡಾಲಿಸ್.

"ನಿಮ್ಮಮ್ಮ ಹೋದಾಗ ನೀನು ಆರು ತಿಂಗಳು ಬಾಯೇ ಬಿಡಲಿಲ್ಲ, ಪುಟ್ಟಿ. ಆ ಕುದುರೆಮರಿ ಮನೆಗೆ ಬಂದ ಮೇಲೆ ಅದರ ಹತ್ರ ಮೊದಲ ಮಾತಾಡಿದ್ದು ನೀನು. ಅದು ನಿನ್ನ ಕಣ್ಣೆದುರು ಸತ್ತರೆ? ಡಾಕ್ಟ್ರು ಹೇಳಿದ್ರು, ಅವಳು ನನ್ನ ಮೇಲೆ ಹಗೆ ಸಾಧಿಸ್ತಾಳೆ ತೋಬಿಯಾಸ್ ಅಂತ. ನಾನಂದೆ, ಸಾಧಿಸ್ಲಿ. ಸಿಟ್ಟಿದ್ರೆ ಬದುಕ್ತಾಳೆ ಡಾಕ್ಟ್ರೇ. ದುಃಖ ಆದ್ರೆ ಮೂಕಿ ಆಗ್ತಾಳೆ."

ಒಡಾಲಿಸ್ ಅಪ್ಪನ ಊರುಗೋಲನ್ನೇ ಹಿಡಿದುಕೊಂಡಳು.

"ಅಂದ್ರೆ... ಅಂದ್ರೆ ಕನೇಲೊ..."

"ಬದುಕಿದೆ ಕಣೇ! ಮಿಂಕಾ ಬೆಟ್ಟದ ಮೇಲೆ, ಅವರ ಸೋದರತ್ತೆಯ ಕಾಫಿ ತೋಟದಲ್ಲಿ. ಆವತ್ತೇ ಲಾರಿ ಹತ್ತಿಸಿ ಕಳಿಸಿಬಿಟ್ರು. ಪ್ರತಿ ಶನಿವಾರ ಆ ಮನುಷ್ಯ ಐದು ಗಂಟೆ ಬೈಕ್ ಹೊಡ್ಕೊಂಡು ಹೋಗಿ ಬಂದಿದ್ದಾನೆ. ಮೊನ್ನೆ ಭಾನುವಾರ ಅದರ ಕತ್ತಿನ ಕೆಳಗೆ ಬೆವರು ಕಂಡಿತಂತೆ. ಅದನ್ನ ಹೇಳೋಕೆ ನಿನ್ನೆ ನೇರ ನಿನ್ನ ಹತ್ರ ಬಂದಿದ್ದ. ನೀನು ಬೆರಳು ತೋರಿಸ್ದೆ. ಆಗ ನನ್ನ ಹತ್ರ ಬಂದು, ನೀವೇ ಹೇಳಿ ಅಂದ. ಅಷ್ಟೇ. ಒಂದು ಲೋಟ ನೀರೂ ಕುಡೀದೆ ಮತ್ತೆ ಬೆಟ್ಟಕ್ಕೆ ಹೋದ."

ಆ ಹನ್ನೊಂದು ಜನರಲ್ಲಿ ಒಬ್ಬ ಅಜ್ಜ ಮೆಲ್ಲನೆ ಹೇಳಿದ, "ನಮ್ಮನ್ನ ಬಿಡು ತಾಯಿ. ಕೋಟೆ ಗೋಡೆ ನಾವೇ ನೋಡ್ಕೋತೀವಿ. ನೀನು ಹೋಗು."

ಸಂತಾ ಮಾರ್ತಾದವರೆಗೆ ದೊಡ್ಡ ಬಸ್ಸು, ಅಲ್ಲಿಂದ ಬೆಟ್ಟಕ್ಕೆ ಸಣ್ಣ ಬಸ್ಸು. ಆ ಐದು ಗಂಟೆ ಒಡಾಲಿಸ್ ಕಿಟಕಿಯ ಸರಳು ಹಿಡಿದೇ ಕೂತಿದ್ದಳು.

ಏನಂತ ಹೋಗಿ ನಿಲ್ಲಲಿ? ಕ್ಷಮಿಸಿ ಅಂದರೆ ಸಾಕಾ? ಊರಿನ ಮುಂದೆ ಥೂ ಅನ್ನಿಸಿದ್ದೇನಲ್ಲ... ಅವನು ಬಾಗಿಲೇ ತೆರೆಯದಿದ್ದರೆ?

ತೋಟದ ಬೇಲಿ ದಾಟುವಾಗ ಮೂರು ಗಂಟೆ. ಮೋಡ ಇಳಿದು ಬಂದಿತ್ತು, ಗಾಳಿ ತಣ್ಣಗಿತ್ತು. ಮೊದಲು ಕೇಳಿಸಿದ್ದು ಅವಳ ಬದುಕಿನ ಅತೀ ಪರಿಚಯದ ಸದ್ದು. ಕನೇಲೊ ಮೂಗಿನಲ್ಲಿ ಫುರ್ರ್ ಅಂದಿತು!

ಓಡಿಹೋಗಿ ಕತ್ತು ತಬ್ಬಿದಳು. ಕೆನ್ನೆಗೆ ಏನೋ ಹಸಿಯಾಗಿ ತಾಗಿತು. ಕೈ ಸವರಿ ನೋಡಿಕೊಂಡಳು. ಉಪ್ಪು ವಾಸನೆ. ಬೆವರು! ಆಗ ಅತ್ತಳು. ಐದು ವಾರ ತಡೆದಿಟ್ಟದ್ದೆಲ್ಲ ಬಿಕ್ಕಿ ಬಿಕ್ಕಿ ಅತ್ತಳು.

"ಗುಡ್ಡ ಹತ್ತಿಸಿ ಈಗ ತಾನೇ ಕರ್ಕೊಂಡು ಬಂದೆ."

ಎಲಿಯೆಸೆರ್ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ. ಹತ್ತಿರ ಬರಲಿಲ್ಲ.

"ಇಲ್ಲಿ ಚೆನ್ನಾಗಿರುತ್ತೆ. ಆದ್ರೆ ಇನ್ಯಾವತ್ತೂ ಊರಿಗೆ ಇಳಿಸೋ ಹಾಗಿಲ್ಲ, ಒಡಾಲಿಸ್. ಇಳಿಸಿದ್ರೆ ಮತ್ತೆ ನಿಲ್ಲುತ್ತೆ."

"ಗೊತ್ತು." ಅವಳು ಮುಖ ಒರೆಸಿಕೊಂಡಳು. "ನನ್ನನ್ನ ಬೈಯಿರಿ. ದಯವಿಟ್ಟು ಬೈಯಿರಿ. ಅಷ್ಟು ಜನರ ಮುಂದೆ ನಾನು..."

"ಬೈಯೋ ಹಕ್ಕು ನನಗಿಲ್ಲ."

"ಹಾಗಂದ್ರೆ?"

ಹೇಳಿದರೆ ಎಲ್ಲ ಮುಗಿಯಿತು ಅಂತ ಅವನಿಗೆ ಗೊತ್ತಿತ್ತು. ಹೇಳದೆ ಇದ್ದರೆ ಬದುಕಿಡೀ ಅವಳ ಮುಖ ನೋಡಲಾಗದು ಅಂತಲೂ ಗೊತ್ತಿತ್ತು.

"ಆವತ್ತು ಚೌಕದಲ್ಲಿ ನಾನು ಅಕಸ್ಮಾತ್ ಸಿಕ್ಕಿದ್ದಲ್ಲ. ಅದಕ್ಕೂ ಮುಂಚೆ ಒಂದು ವಾರ ದಿನಾ ನಿಮ್ಮ ಸಾರೋಟಿನ ಹಿಂದೆ ನಡ್ಕೊಂಡು ಬರ್ತಿದ್ದೆ. ಬೇರೆ ಸಾರೋಟಿನವರೆಲ್ಲ ಬಾಲ್ಕನಿ ಹೂವು ತೋರಿಸ್ತಾರೆ. ನೀವು ಆ ಚೌಕದಲ್ಲಿ ಸಾರೋಟು ನಿಲ್ಲಿಸಿ ಒಂದು ನಿಮಿಷ ಮೌನ ಇರಿ ಅಂತೀರಲ್ಲ, ಅದನ್ನ ಕೇಳಿದ ದಿನದಿಂದ. ಕೋಟೆ ಗೋಡೆಗೆ ಕಲ್ಲು ಹೊರ್ತಿದ್ದ ಅಕ್ಕತಂಗಿಯರ ಕಥೆ ಶುರು ಮಾಡ್ತಿದ್ರಿ. ಸಮುದ್ರದ ಕಡೆ ತಿರುಗಿದ ಕೂಡಲೇ ಸಾರೋಟು ಜೋರಾಗಿ ಹೋಗ್ತಿತ್ತು. ಕೊನೆ ನನಗೆ ಕೇಳ್ತಾನೇ ಇರಲಿಲ್ಲ."

ಅವನು ಕನೇಲೊನ ಕಡೆ ನೋಡಿದ.

"ಕುದುರೆ ಬಿದ್ದ ಹಿಂದಿನ ದಿನವೇ... ಅದರ ಪಕ್ಕೆ ಒಣಗಿರೋದು ನನಗೆ ಕಾಣ್ತು. ಅನುಮಾನ ಬಂತು. ಹೇಳಿದ್ರೆ ಸಾರೋಟು ನಿಂತುಹೋಗುತ್ತೆ. ಕಥೆ ನಿಲ್ಲುತ್ತೆ. ಇನ್ನೊಂದೇ ದಿನ ಕೇಳಿಬಿಡೋಣ ಅಂತ ಸುಮ್ಮನಾದೆ. ಡಾಕ್ಟರಾಗಿ ಸುಮ್ಮನಾದೆ! ಆ ಒಂದು ದಿನ ನಾನು ಬಾಯಿ ಬಿಟ್ಟಿದ್ರೆ ಅದು ಬೀಳ್ತಾನೇ ಇರಲಿಲ್ಲ. ನೀವು ಚೌಕದಲ್ಲಿ ನನ್ನ ಬಗ್ಗೆ ಹೇಳಿದ ಕಥೆ ಪೂರ್ತಿ ಸುಳ್ಳಲ್ಲ. ಅದಕ್ಕೇ ನಾನು ಎದುರು ಮಾತಾಡಲಿಲ್ಲ."

ಎಲ್ಲೋ ಎಲೆಗಳಿಂದ ಹನಿ ಬೀಳುತ್ತಿತ್ತು. ಒಡಾಲಿಸ್ ಅವನಿಗೆ ಬೆನ್ನು ಮಾಡಿ ಕುದುರೆಯ ಕಡೆ ತಿರುಗಿದಳು. ಅವನು ಬಾಗಿಲ ಕಂಬ ಹಿಡಿದು ನಿಂತೇ ಇದ್ದ.

"ಕಣ್ಣಿನ ಸುತ್ತ ಕೂದಲು ಉದುರೋಕೆ ಶುರುವಾಗಿತ್ತು" ಅಂದಳು ಅವಳು, ತಿರುಗದೆ.

"ಏನು?"

"ಕನೇಲೊಗೆ. ಬೀಳೋಕೆ ಹದಿನೈದು ದಿನ ಮುಂಚೆ. ನೀರು ಕುಡಿಯೋದೂ ಕಡಿಮೆಯಾಗಿತ್ತು. ನಾನು ತೆಂಗಿನೆಣ್ಣೆ ಹಚ್ಚಿ, ಮೇಲೆ ಹೂವಿನ ಪಟ್ಟಿ ಕಟ್ಟಿ ಮುಚ್ಚಿದೆ. ಆಗ ಊರಿನ ತುಂಬ ಪ್ರವಾಸಿಗರು. ಈ ಒಂದು ವಾರ ಕಳೀಲಿ, ಆಮೇಲೆ ತೋರಿಸೋಣ ಅಂದ್ಕೊಂಡೆ. ಅಪ್ಪಂಗೂ ಹೇಳ್ಲಿಲ್ಲ. ಯಾರಿಗೂ ಹೇಳ್ಲಿಲ್ಲ." ಈಗ ತಿರುಗಿದಳು. ಕಣ್ಣೀರು ಧಾರೆಯಾಗಿ ಇಳಿಯುತ್ತಿತ್ತು. "ನಿಮ್ಮದು ಒಂದು ದಿನ. ನನ್ನದು ಹದಿನೈದು. ಅದಕ್ಕೇ ಅದನ್ನ ಕೊಂದೋರು ಬೇರೆ ಯಾರಾದ್ರೂ ಆಗಿರಬೇಕಿತ್ತು ನನಗೆ..."

ಅವನು ನಾಲ್ಕೇ ಹೆಜ್ಜೆಗೆ ಅವಳ ಮುಂದಿದ್ದ. ಮುಟ್ಟಲೋ ಬೇಡವೋ ಅಂತ ಅರ್ಧಕ್ಕೆ ನಿಂತ ಅವನ ಕೈಯನ್ನು ಅವಳೇ ಹಿಡಿದುಕೊಂಡಳು. ಬಿಗಿಯಾಗಿ.

"ನಾವಿಬ್ರೂ ಅದರ ಕಾಲು ಹಿಡಿಯಬೇಕು" ಅಂದ ಅವನು. ಅವನ ದನಿಯೂ ಒಡೆದಿತ್ತು.

"ಹಿಡೀಬೇಡಿ, ಒದೆಯುತ್ತೆ."

ಇಬ್ಬರೂ ಅಳುವಿನ ನಡುವೆಯೇ ನಕ್ಕುಬಿಟ್ಟರು. ಕನೇಲೊ ಇವರ ಗೊಡವೆಯೇ ಬೇಡವೆಂದು ಹುಲ್ಲಿಗೆ ಬಾಯಿ ಹಾಕಿತು.

"ಮತ್ತೆ ಆ ಅಕ್ಕತಂಗಿಯರು..." ಅವನು ಅಳುಕುತ್ತಾ ಕೇಳಿದ. "ಕೊನೆಗೆ ಏನಾಗುತ್ತೆ?"

"ಅಯ್ಯೋ ದೇವರೇ! ಅದಕ್ಕೆ ಕೊನೆನೇ ಇಲ್ಲ ಮಾರಾಯ್ರೇ! ಅಜ್ಜಿ ಅರ್ಧಕ್ಕೇ ಬಿಟ್ಟಿದ್ಲು. ದಿನಾ ನನಗೆ ತೋಚಿದ ಹಾಗೆ ಕಟ್ತಿದ್ದೆ."

ಅವನು ಬಾಯಿ ತೆರೆದು ನಿಂತ. ಆಮೇಲೆ ತುಂಬ ಮೆತ್ತಗೆ ಹೇಳಿದ, "ಹಾಗಾದ್ರೆ ದಿನಾ ಕೇಳಬೇಕಾಗುತ್ತೆ. ನಾನು ಸಾಯೋವರೆಗೂ ಕೇಳ್ತೀನಿ ಅಂದ್ರೆ... ಹೇಳ್ತೀರಾ?"

ಒಡಾಲಿಸಳ ಎದೆಯಲ್ಲಿ ಏನೋ ಬಿಚ್ಚಿಕೊಂಡಿತು. ತಲೆಯಾಡಿಸಿದಳು. ಒಮ್ಮೆ ಸಾಲದೆಂದು ಮತ್ತೊಮ್ಮೆ ಆಡಿಸಿದಳು.

ಮನೆಯ ಜಗಲಿಯಿಂದ ಅವನ ಸೋದರತ್ತೆ ಕೂಗಿ ಹೇಳಿದಳು, ಕೊನೆಯ ಬಸ್ಸು ನಾಲ್ಕಕ್ಕೆ, ಡ್ರೈವರ್ ಕಾಫಿ ಕುಡಿದು ಮುಗಿಸಿದ ಅಂತ.

"ಬಸ್ಸು ಹೊರಡುತ್ತೆ" ಅಂದ ಎಲಿಯೆಸೆರ್. ಹಿಡಿದ ಕೈ ಮಾತ್ರ ಬಿಡಲಿಲ್ಲ.

"ಹೋಗ್ಲಿ ಬಿಡು, ಎಲಿಯೆಸೆರ್."

ಅವನು ತಟ್ಟನೆ ಅವಳ ಮುಖ ನೋಡಿದ. "ಈಗ ಏನಂದೆ?"

"ಏನಂದೆ? ಹೋಗ್ಲಿ ಬಿಡು ಅಂದೆ."

"ಇನ್ನೊಂದ್ಸಲ ಅನ್ನು."

"ಹೋಗೋ!" ಅವಳು ನಾಚಿ ಅವನ ಭುಜಕ್ಕೆ ಹಣೆ ಆನಿಸಿದಳು.

"ನಿಮ್ಮಪ್ಪಂಗೆ ಏನು ಹೇಳೋದು?"

"ಬಸ್ಸು ತಪ್ಪಿಹೋಯ್ತು ಅಂತ."

"ಬಸ್ಸು ಇನ್ನೂ ಅಲ್ಲೇ ನಿಂತಿದೆಯಲ್ಲೇ... ನೋಡು, ಬೇಲಿ ಪಕ್ಕದಲ್ಲೇ."

ಅವಳು ಕಣ್ಣು ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಂಡಳು.

"ನನಗೆ ಕಾಣಿಸ್ತಿಲ್ಲ."